ಆರು ಕೋರ್ ಸಾಕು

“ಅಪ್ಪಾ, ಇದನ್ನ ಮುಟ್ಟಬೇಡ ಅಂತ ಎಷ್ಟು ಸಲ ಹೇಳ್ಲಿ?” ಮಗಳು ಕೀಬೋರ್ಡನ್ನು ಮೇಜಿನ ಮೇಲೆ ಕುಕ್ಕಿದಳು.

“ನಾನೇನೇ ಮಾಡ್ದೆ? ಹೊಸ ಪ್ರೊಸೆಸರ್ ಕೂರಿಸಿಕೊಟ್ಟೆ. ಅದು ಸತ್ತರೆ ನನ್ನ ತಪ್ಪಾ?”

ಕಂಪ್ಯೂಟರ್ ಮೂರನೇ ಸಲ ತಾನಾಗಿಯೇ ಆಫ್ ಆಗಿತ್ತು. ಆಟ ಶುರುವಾಗಿ ಐದು ನಿಮಿಷವೂ ಆಗಿರಲಿಲ್ಲ. ನಾಲ್ಕು ಗಂಟೆಗೆ ಅವಳನ್ನು ಆನ್‌ಲೈನ್ ಆಟದ ತಂಡಕ್ಕೆ ಆರಿಸುವ ಪಂದ್ಯ. ನಡುವೆ ಯಂತ್ರ ಕೈಕೊಟ್ಟರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ನಾಯಕಿ ಮೊದಲೇ ಹೇಳಿದ್ದಳು. ಆಗಲೇ ಮೂರು ದಾಟಿತ್ತು.

ಕಾಲ ಮೇಲೆ ಕಾಲು ಹಾಕಿ ಕೂತಿದ್ದ ನನ್ನ ಭಾವಮೈದ ಇದಕ್ಕೇ ಕಾಯುತ್ತಿದ್ದ. ಅವನದು ಕಂಪ್ಯೂಟರ್ ಅಂಗಡಿ. “ಬಡ್ಕೊಂಡೆ ಭಾವ, ಅಗ್ಗದ್ದು ಆಟಕ್ಕೆ ತಡೆಯಲ್ಲ ಅಂತ. ನನ್ನ ಹತ್ರ ಎಂಟು ಕೋರಿಂದು ಇದೆ. ಸ್ವಲ್ಪ ಓಡಿರೋದು, ಅಷ್ಟೇ,” ಎನ್ನುತ್ತ ಚೀಲದಿಂದ ಡಬ್ಬಿ ತೆಗೆದಿಟ್ಟ.

“ಮಾವ, ನನ್ನ ಆಟಕ್ಕೆ ಆರು ಕೋರ್ ಸಾಕು. ಒಂದೊಂದು ಕೋರಿನ ವೇಗ ಮುಖ್ಯ. ನಿನ್ನದು ಹಳೇದು, ಒಳಗೆ ಗ್ರಾಫಿಕ್ಸೂ ಇಲ್ಲ. ಬೇರೆ ಕಾರ್ಡ್ ನೀನು ಕೊಡಿಸ್ತೀಯಾ?”

ಎರಡು ತಿಂಗಳು ಹುಡುಕಿ ಅವಳು ಆರಿಸಿದ ಪ್ರೊಸೆಸರ್ ಅದು. ಕೋರ್ ಎಂದರೆ ಅದರೊಳಗೆ ದುಡಿಯುವ ಒಂದೊಂದು ಎಂಜಿನ್ ಇದ್ದಂತೆ, ಚಿತ್ರ ಮೂಡಿಸುವ ಭಾಗವೂ ಅದರೊಳಗೇ ಇದೆ, ಸದ್ಯಕ್ಕೆ ಬೇರೇನೂ ಬೇಡ ಎಂದು ನನಗೆ ಬಿಡಿಸಿ ಹೇಳಿದ್ದಳು. ಹಾಗಾದರೆ ಇದಕ್ಕೇನು ರೋಗ? ಸಿಟ್ಟಿನಲ್ಲಿ ಕಂಪ್ಯೂಟರಿನ ಪಕ್ಕದ ಹಲಗೆ ಬಿಚ್ಚಿ, ಪ್ರೊಸೆಸರ್ ಮೇಲೆ ಕೂರುವ ಫ್ಯಾನಿನ ಲೋಹ ಮುಟ್ಟಿದೆ. ಬರೀ ಉಗುರುಬೆಚ್ಚಗಿತ್ತು.

“ಸ್ಕ್ರೀನಲ್ಲಿ ನೂರು ಡಿಗ್ರಿ ತೋರಿಸ್ತಿತ್ತಪ್ಪ!”

ಗ್ಯಾರೇಜಿನಲ್ಲಿ ಇಪ್ಪತ್ತೈದು ವರ್ಷ ಎಂಜಿನ್ ಬಿಚ್ಚಿದವನು ನಾನು. ಒಳಗೆ ಬೆಂಕಿ, ಹೊರಗೆ ತಂಪು ಎಂದರೆ ಬಿಸಿ ಮೇಲಕ್ಕೆ ಬರುತ್ತಿಲ್ಲ. ಥಟ್ಟನೆ ಹೊಳೆಯಿತು.

“ಇದರಡಿ ಬೂದು ಗ್ರೀಸಿತ್ತು ಕಣೇ. ಒರೆಸಿಬಿಟ್ಟೆ.”

“ಅಯ್ಯೋ! ಅದು ಗ್ರೀಸಲ್ಲ, ಬಿಸಿ ದಾಟಿಸೋ ಪೇಸ್ಟು!”

ಹಳೇ ಗ್ರೀಸು ಒರೆಸದೆ ಬೇರಿಂಗ್ ಕೂರಿಸುವವನನ್ನು ನಾನು ಗ್ಯಾರೇಜಿನಿಂದಲೇ ಓಡಿಸುತ್ತೇನೆ. ಕೈ ತನ್ನ ಪಾಡಿಗೆ ಅದೇ ಕೆಲಸ ಮಾಡಿತ್ತು.

ಭಾವಮೈದ ಹೊಟ್ಟೆ ಹಿಡಿದುಕೊಂಡು ನಕ್ಕ. “ಪಳಪಳ ಹೊಳೀತಿರಬೇಕಲ್ವಾ ಭಾವ!”

“ಪೇಸ್ಟ್ ಇದ್ರೆ ತೆಗಿ. ಇಲ್ದಿದ್ರೆ ಬಾಯಿ ಮುಚ್ಚು.”

ಇತ್ತು. ಮುಖ ಗಂಟಿಕ್ಕಿಕೊಂಡೇ ಕೊಟ್ಟ. ನಾನು ಫ್ಯಾನ್ ಬಿಚ್ಚಿದೆ, ಮಗಳು ಪ್ರೊಸೆಸರ್ ಮೇಲೆ ಬಟಾಣಿ ಕಾಳಿನಷ್ಟು ಹಿಂಡಿದಳು. ಅವಳು ಹೇಳಿದ ತಿರುಪನ್ನು ಹೇಳಿದಷ್ಟೇ ಬಿಗಿದೆ.

ಅವಳು ಮತ್ತೆ ಆಟ ಶುರು ಮಾಡಿದಳು. ಐದು ನಿಮಿಷ ಕಳೆಯಿತು, ಹತ್ತಾಯಿತು. ಸ್ಕ್ರೀನಿನಲ್ಲಿ ಡಿಗ್ರಿ ಎಪ್ಪತ್ತರ ಮೇಲೆ ಹತ್ತಲಿಲ್ಲ.

“ಪಂದ್ಯದಲ್ಲಿ ಗೊತ್ತಾಗುತ್ತೆ,” ಎಂದ ಭಾವಮೈದ. ಡಬ್ಬಿ ಮೇಜಿನ ಮೇಲೇ ಇತ್ತು.

ಐದು ಗಂಟೆಗೆ ಮಗಳು ಹೆಡ್‌ಫೋನ್ ತೆಗೆದಳು. ಕೆನ್ನೆ ಕೆಂಪಾಗಿತ್ತು. “ಒಂದು ಸಲಾನೂ ನಿಲ್ಲಲಿಲ್ಲಪ್ಪ. ನಾಳೆಯಿಂದ ಪ್ರಾಕ್ಟೀಸಿಗೆ ಬಾ ಅಂದ್ರು!”

ಭಾವಮೈದ ಡಬ್ಬಿಯನ್ನು ಚೀಲಕ್ಕೆ ತುರುಕಿದ. “ಟೀ ಆಯ್ತು, ಕುಡಿದು ಹೋಗೋ,” ಎಂದು ಅವನ ಅಕ್ಕ ಒಳಗಿನಿಂದ ಕೂಗಿದಳು. ಅವನು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ. ತಿರುಗಿ ಬರಲಿಲ್ಲ. ಅವನ ಲೋಟವನ್ನೂ ನಾನೇ ಖಾಲಿ ಮಾಡಿದೆ.