ಐವತ್ತೆಂಟರ ಪಕ್ಕದಲ್ಲಿ ‘ಅಡ್ಡಿಯಿಲ್ಲ’

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ಮುಂಜಾನೆಯ ಪ್ಯಾಸೆಂಜರ್ ಗಾಡಿಯಲ್ಲಿ ಕಿಟಕಿಗೆ ತಲೆಯಾನಿಸಿ ಕೂತರೆ ಸಾಕು, ಉಣಕಲ್ಲ ಕೆರೆ ಬರುವುದರೊಳಗೆ ಉಡಚಪ್ಪನಿಗೆ ಜೋಂಪು ಹತ್ತುತ್ತಿತ್ತು. ೧೯೬೧ರ ಜೂನ್ ತಿಂಗಳು. ಹೊರಗೆ ಜಿಟಿಜಿಟಿ ಮಳೆ. ಧಾರವಾಡದ ಕಾಲೇಜಿನಲ್ಲಿ ಗುಮಾಸ್ತನಾಗಿದ್ದ ಅವನು ನಾಲ್ಕು ದಿನಗಳಿಂದ ಹೊಸ ಅರ್ಜಿಗಳ ಅಂಕಗಳನ್ನು ದಪ್ಪ ರಿಜಿಸ್ಟರಿಗೆ ಇಳಿಸುತ್ತಿದ್ದ. ಹಾಗಾಗಿ ಕಣ್ಣು ಮುಚ್ಚಿದರೆ ಕೆರೆಯ ನೀರಿನ ಮೇಲೆ ಅಂಕಿಗಳೇ ತೇಲುತ್ತಿದ್ದವು. ಎಂಬತ್ತಮೂರು ಬೆಂಡಿನಂತೆ ಹಗುರಾಗಿ ಕುಣಿಯುತ್ತಿತ್ತು. ಐವತ್ತೆಂಟು ಕಂಠದವರೆಗೆ ಮುಳುಗಿ, ತುಂಬಿದ ಕೊಡದ ಹಾಗೆ ಅಲುಗದೆ ನಿಂತಿತ್ತು.

ನೂರಕ್ಕೆ ಎಂಬತ್ತಮೂರು ರಮಾಕಾಂತನೆಂಬ ಹುಡುಗನದು. ಐವತ್ತೆಂಟು ಸಾವಂತ್ರೆವ್ವ ಎಂಬ ಹುಡುಗಿಯದು. ಅವಳ ತಂದೆ ಯಮನಪ್ಪ ರೈಲ್ವೆ ವರ್ಕಶಾಪಿನಲ್ಲಿ ದುಡಿಯುತ್ತಿದ್ದ. ಇಬ್ಬರೂ ಕೇಳಿದ್ದು ಒಂದೇ ಸೀಟು. ಪಿ.ಯು.ಸಿ. ವಿಜ್ಞಾನಕ್ಕೆ ಫೀ ಇಲ್ಲದೆ, ವಸತಿಗೃಹದ ಊಟದೊಡನೆ, ವರ್ಷಕ್ಕೆ ಒಬ್ಬರಿಗೆ ಮಾತ್ರ ಸಿಗುವ ಧರ್ಮದ ಸೀಟು ಅದು. ಶಾಲೆಯಲ್ಲಿ ಮೂರು ವರ್ಷ ಪಡೆದ ಅಂಕ ನೋಡಿಯೇ ಕೊಡಬೇಕೆಂದು ದಾನಿಗಳ ಕರಾರು. ‘ಸಿಗದಿದ್ದಲ್ಲಿ ಮುಂದೆ ಓದುವುದಿಲ್ಲ’ ಎಂದು ಸಾವಂತ್ರೆವ್ವ ಅರ್ಜಿಯ ಕೊನೆಗೆ ದುಂಡಗೆ ಬರೆದಿದ್ದಳು. ಅದರಲ್ಲಿ ಅಳುವೂ ಇರಲಿಲ್ಲ, ಬೇಡಿಕೆಯೂ ಇರಲಿಲ್ಲ.

ಅವಳು ಕಲಿತದ್ದು ಹುಬ್ಬಳ್ಳಿಯಲ್ಲಿ ಮಹಾಂತಯ್ಯ ಮಾಸ್ತರರು ನಡೆಸುವ ಖಾಸಗಿ ಹೈಸ್ಕೂಲಿನಲ್ಲಿ. ಅಂಕ ಕೊಡುವುದರಲ್ಲಿ ಕೈ ಬಿಗಿ, ಅದಕ್ಕೇ ಬಿಗಿ ಸಾಲಿ ಎಂದು ಊರಲ್ಲೆಲ್ಲ ಹೆಸರು. ಅದೇ ಮಾಸ್ತರರು ಸಂಜೆ ದುಡಿಯುವವರಿಗೂ ಪಾಠ ಹೇಳುತ್ತಿದ್ದರು. ಉಡಚಪ್ಪ ಮ್ಯಾಟ್ರಿಕ್ ಮುಗಿಸಿದ್ದು ಆ ಸಂಜೆಯ ಬೆಂಚುಗಳ ಮೇಲೆಯೇ.

ಆ ದಿನ ಪ್ರಿನ್ಸಿಪಾಲರು ಅವನನ್ನು ಒಳಗೆ ಕರೆದರು. ಅವರು ಮೈಸೂರಿನ ಕಡೆಯವರು. ಈ ಕಡೆ ಬಂದು ಇನ್ನೂ ವರ್ಷವಾಗಿರಲಿಲ್ಲ. ಎರಡೂ ಅರ್ಜಿಗಳು ಮೇಜಿನ ಮೇಲಿದ್ದವು. ರಮಾಕಾಂತನ ಬಗ್ಗೆ ಅವನ ಹೆಡ್‌ಮಾಸ್ತರರು ‘ಅತ್ಯುತ್ತಮ, ಮೇಧಾವಿ, ಶಾಲೆಯ ಭೂಷಣ’ ಎಂದು ಎರಡು ಸಾಲು ತುಂಬಿಸಿದ್ದರು. ಸಾವಂತ್ರೆವ್ವನ ಬಗ್ಗೆ ಮಹಾಂತಯ್ಯ ಮಾಸ್ತರರು ಬರೆದದ್ದು ಒಂದೇ ಮಾತು: ‘ಅಡ್ಡಿಯಿಲ್ಲ.’

“ಅಡ್ಡಿಯಿಲ್ಲ ಅಂದ್ರೆ ನಮ್ಮದೇನೂ ತಕರಾರಿಲ್ಲ, ಸೇರಿಸ್ಕೊಳ್ಳಿ ಅಂತ ತಾನೆ?” ಎಂದರು ಪ್ರಿನ್ಸಿಪಾಲರು. “ಪಾಪ, ಹೊಗಳೋದಕ್ಕೆ ಅವರಿಗೆ ಏನೂ ಸಿಕ್ಕಿಲ್ಲ.”

“ಹೌದ್ರಿ,” ಎಂದ ಉಡಚಪ್ಪ.

ತಾನು ಒಪ್ಪಿದ್ದು ತಪ್ಪೆಂದು ಅವನಿಗೆ ಹೊಳೆದದ್ದು ಹೊರಗೆ ಬಂದ ಮೇಲೆ. ಈ ಸೀಮೆಯಲ್ಲಿ ಹೋಳಿಗೆ ಬಾಯಲ್ಲಿ ಕರಗಿದರೂ ಅಡ್ಡಿಯಿಲ್ಲ ಎನ್ನುತ್ತಾರೆ. ಬೆಳೆ ಆಳೆತ್ತರ ನಿಂತರೂ ಅಡ್ಡಿಯಿಲ್ಲ. ಹೆಚ್ಚು ಹೊಗಳಿದರೆ ದೃಷ್ಟಿಯಾದೀತೆಂಬ ಜನ. ಅದರಲ್ಲೂ ಮಹಾಂತಯ್ಯ ಮಾಸ್ತರರ ಲೇಖನಿಯಿಂದ ಆ ಮಾತು ಇಳಿಯುವುದೆಂದರೆ! ನಾಲ್ಕು ವರ್ಷ ಉಡಚಪ್ಪನ ಕಾಗದಗಳ ಮೇಲೆ ಅವರು ‘ನೋಡೋಣ’ ಎಂದು ಬರೆದರು, ‘ಇನ್ನೂ ತಿದ್ದಬೇಕು’ ಎಂದು ಬರೆದರು. ಒಂದೇ ಒಂದು ಸಲ ‘ಸುಮಾರು’ ಎಂದು ಬರೆದಾಗ ಅವನು ಅದನ್ನು ಓದು ಬಾರದ ಅವ್ವನಿಗೂ ತೋರಿಸಿದ್ದ. ‘ಅಡ್ಡಿಯಿಲ್ಲ’ ಅವನಿಗೆ ಕೊನೆಗೂ ಸಿಗಲಿಲ್ಲ.

“ಏನಂದ್ರಪಾ ಸಾಹೇಬ್ರು?” ಎಂದು ಕೇಳಿದ ಹೆಡ್‌ಕ್ಲರ್ಕ್ ದಸ್ತಗೀರಸಾಬ.

“ಏನೋ ಕೇಳಿದ್ರು. ನಾ ಹೌದ್ರಿ ಅಂದೆ.”

“ಮಳಿ ನಿಂತೈತೇನು ಅಂತ ಕೇಳಿದ್ರೂ ನೀ ತೊಯ್ಕೋತ ನಿಂತು ಹೌದ್ರಿ ಅನ್ನಾಂವ.”

“ಹಂಗಲ್ಲ ಕಾಕಾ. ಅಡ್ಡಿಯಿಲ್ಲ ಅನ್ನೂದನ್ನ ಅವ್ರು ಬ್ಯಾರೇನ ತಿಳ್ಕೊಂಡಾರ. ಆ ಹುಡಿಗಿ ಸೀಟು ಹೋಗತೈತಿ.”

ಸಂಗತಿ ಕೇಳಿ ದಸ್ತಗೀರಸಾಬ ಮೊದಲು ನಕ್ಕ, ಆಮೇಲೆ ಗಂಭೀರನಾದ. “ನನಗ ಹೆಣ್ಣು ಅಂತ ಮದೀನಾಬೀನ್ನ ನೋಡಿ ಬಂದು ನಮ್ಮವ್ವ ಅಷ್ಟ ಅಂದಿದ್ಲು, ಅಡ್ಡಿಯಿಲ್ಲ ಅಂತ. ಮೂವತ್ತು ವರ್ಷ ಆತು, ಸಂಸಾರ ನಡದೈತಿ. ಹೋಗಿ ಹೇಳು.”

“ನಾನೂ ಅದ ಮಾಸ್ತರ ಕೈಯಾಗ ಕಲ್ತಾವ. ತನ್ನ ಸಾಲಿ ಅಂತ ಮಾತಾಡ್ತಾನ ಅಂದ್ರ? ನಂದ ತಪ್ಪಿದ್ರ?”

“ಹಂಗಾರ ಹಳೇ ರಿಜಿಸ್ಟರ್ ತಗದು ನೋಡು. ಅದಕ್ಕ ಯಾರೂ ಮಾಸ್ತರಿಲ್ಲ.”

ಮಧ್ಯಾಹ್ನ ಉಡಚಪ್ಪ ಹಳೆಯ ರಿಜಿಸ್ಟರುಗಳ ಕೋಣೆಯಲ್ಲಿ ನೆಲಕ್ಕೆ ಕೂತ. ಹಂಚಿನ ಮೇಲೆ ಮಳೆ ಒಂದೇ ಸಮನೆ ಪಿಸುಗುಡುತ್ತಿತ್ತು. ಬುತ್ತಿಯ ರೊಟ್ಟಿ ಹೊಟ್ಟೆಗಿಳಿದಿತ್ತು, ಕಣ್ಣು ಎಳೆಯಿತು. ಹುಬ್ಬಳ್ಳಿಯ ಹತ್ತಿ ಪೇಟೆ ಮಂಜಿನಲ್ಲಿ ತೆರೆದುಕೊಂಡಿತು. ದೊಡ್ಡ ತಕ್ಕಡಿಯಲ್ಲಿ ಯಾರೋ ಮೂಟೆಗಟ್ಟಲೆ ಅಂಕ ಸುರಿದು ತೂಗುತ್ತಿದ್ದರು; ಅರಳೆ ಗಾಳಿಗೆದ್ದು ಮಕ್ಕಳ ತಲೆಯ ಮೇಲೆ ಬೆಳ್ಳಗೆ ಕೂರುತ್ತಿತ್ತು. ಪಕ್ಕದ ಕಟ್ಟೆಯ ಮೇಲೆ ಮಹಾಂತಯ್ಯ ಮಾಸ್ತರರು ಅಕ್ಕಸಾಲಿಗನ ಪುಟ್ಟ ತಕ್ಕಡಿ ಹಿಡಿದು, ಉಸಿರು ಬಿಗಿಹಿಡಿದು, ಗುಲಗಂಜಿ ಇಟ್ಟು ತೂಗುತ್ತಿದ್ದರು. “ಎಷ್ಟಾತ್ರಿ?” ಎಂದು ಉಡಚಪ್ಪ ಕೇಳಿದ. ಅವರು ತಲೆಯೆತ್ತದೆ, “ಯಾವ ತಕ್ಕಡ್ಯಾಗಂತ ಮೊದಲ ಕೇಳು,” ಎಂದರು.

ಅವನು ಬೆಚ್ಚಿ ಎದ್ದು ಕೂತು ಪುಟ ತಿರುವಿ ಒಂದು ಹಾಳೆಯ ಮೇಲೆ ಬರೆದುಕೊಳ್ಳತೊಡಗಿದ.

ಐದು ವರ್ಷದಲ್ಲಿ ಬಿಗಿ ಸಾಲಿಯಿಂದ ಬಂದವರು ಒಂಬತ್ತು ಮಂದಿ. ನಲವತ್ತೊಂಬತ್ತು ತಂದವನು ಕಾಲೇಜಿನಲ್ಲಿ ಅರವತ್ತಾರು ಪಡೆದಿದ್ದ, ಐವತ್ತೆರಡು ತಂದವನು ಎಪ್ಪತ್ತೊಂದು. ರಮಾಕಾಂತನ ಶಾಲೆಯಿಂದ ಎಂಬತ್ತು ಹೊತ್ತು ಬಂದವರು ಹೆಚ್ಚಾಗಿ ಐವತ್ತೈದು, ಅರವತ್ತಕ್ಕೆ ಇಳಿದಿದ್ದರು. ಆದರೆ ಬಿಗಿ ಸಾಲಿಯವನೊಬ್ಬ ನಪಾಸಾಗಿದ್ದ. ಉಡಚಪ್ಪ ಅದನ್ನು ಬಿಡದೆ ಬರೆದ. ಆ ಇನ್ನೊಂದು ಶಾಲೆಯ ಹುಡುಗನೊಬ್ಬ ಎಂಬತ್ತೈದು ತಂದು ಎಂಬತ್ತೆರಡನ್ನು ಉಳಿಸಿಕೊಂಡಿದ್ದ. ಅದನ್ನೂ ಬರೆದ. ಒಂಬತ್ತು ಮಂದಿಯಲ್ಲಿ ಅಂಕದ ಪಕ್ಕದಲ್ಲಿ ಮಾಸ್ತರರಿಂದ ‘ಅಡ್ಡಿಯಿಲ್ಲ’ ಎನಿಸಿಕೊಂಡವನು ಒಬ್ಬನೇ. ಅವನು ಆ ವರ್ಷ ಕಾಲೇಜಿಗೇ ಮೊದಲಿಗನಾಗಿದ್ದ.

ಮರುದಿನ ಮುಂಜಾನೆ ಅವನು ಪ್ರಿನ್ಸಿಪಾಲರ ಮುಂದೆ ಆ ಹಾಳೆ ಇಟ್ಟ.

“ಇದನ್ನ ಮಾಡಿ ಅಂತ ನಿಮಗೆ ಯಾರು ಹೇಳಿದ್ರು?”

“ಯಾರೂ ಹೇಳಿಲ್ರಿ. ನಿನ್ನೆ ನಾ ಹೌದ್ರಿ ಅಂದಿದ್ದು ತಪ್ಪಾತ್ರಿ. ನಮ್ಮ ಕಡೆ ಅಡ್ಡಿಯಿಲ್ಲ ಅಂದ್ರ ಭಾಳ ಛಲೋ ಅಂತ ಅರ್ಥರಿ. ಆ ಮಾಸ್ತರ ಕೈಯಾಗ ನಾನೂ ಕಲ್ತೇನಿ, ಅದನ್ನೂ ಹೇಳಿಬಿಡ್ತೇನ್ರಿ.”

ಪ್ರಿನ್ಸಿಪಾಲರು ಹಾಳೆಯನ್ನು ನಿಧಾನವಾಗಿ ಓದಿದರು. “ಒಪ್ಪಿದೆ. ಆದರೆ ಎಂಬತ್ತಮೂರು ತಂದ ಹುಡುಗನ ತಪ್ಪೇನು? ಅಂಕ ಹಾಕಿದ್ದು ಅವನ ಮೇಷ್ಟ್ರು. ಅವನೂ ಆ ಎಂಬತ್ತೆರಡರವನ ಹಾಗೇ ಇದ್ರೆ?”

“ಅದು ನನಗೂ ತಿಳೀವಲ್ದರಿ,” ಎಂದ ಉಡಚಪ್ಪ.

ಪ್ರಿನ್ಸಿಪಾಲರು ಎರಡೂ ಅರ್ಜಿಗಳನ್ನು ಅಕ್ಕಪಕ್ಕ ಇಟ್ಟರು. “ಅಂಕ ಬೇಡ. ತಂತಮ್ಮ ತರಗತಿಯಲ್ಲಿ ಇವರಿಬ್ಬರು ಎಷ್ಟನೆಯವರು ಅಂತ ಎರಡೂ ಶಾಲೆಗೆ ಬರೆದು ಕೇಳಿ. ಮೂರು ವರ್ಷದ್ದೂ ಬೇಕು.”

ಆ ವಾರವಿಡೀ ಉಡಚಪ್ಪ ಕನಸಿನಲ್ಲಿ ನಡೆದವನಂತೆ ಓಡಾಡಿದ. ಹುಡುಗಿ ಹತ್ತನೆಯವಳೋ ಹದಿನೈದನೆಯವಳೋ ಆಗಿಬಿಟ್ಟಿದ್ದರೆ? ಗಾಡಿಯ ಗಾಲಿಗಳು ಎಷ್ಟನೆಯವಳು, ಎಷ್ಟನೆಯವಳು ಎಂದು ಕೇಳುತ್ತಲೇ ಅವನನ್ನು ಹೊತ್ತೊಯ್ಯುತ್ತಿದ್ದವು.

ಮಹಾಂತಯ್ಯ ಮಾಸ್ತರರ ಕಾರ್ಡು ಮೊದಲು ಬಂತು. ‘ಮೂರು ವರ್ಷವೂ ಮೊದಲನೆಯವಳು. ಎರಡನೆಯವನಿಗೆ ಐವತ್ತೊಂದು. ಅದರಿಂದ ಆಕೆ ಬೀಗುವ ಕಾರಣವಿಲ್ಲ, ಉಳಿದವರು ಮೈಗಳ್ಳರು.’ ರಮಾಕಾಂತನ ಶಾಲೆಯ ಉತ್ತರ ಎರಡು ದಿನ ಬಿಟ್ಟು ಬಂತು. ನಲವತ್ತು ಮಂದಿಯಲ್ಲಿ ಒಂದು ವರ್ಷ ಒಂಬತ್ತನೆಯವನು, ಎರಡು ವರ್ಷ ಹನ್ನೊಂದನೆಯವನು. ಪ್ರಿನ್ಸಿಪಾಲರು ಸಾವಂತ್ರೆವ್ವನ ಅರ್ಜಿಯ ಮೇಲೆ ಸಹಿ ಹಾಕಿದರು.

ಸೇರುವ ದಿನ ಅವಳು ಅಪ್ಪನ ಜೊತೆ ಬಂದಳು. ಎಣ್ಣೆಹಚ್ಚಿ ಬಿಗಿದ ಜಡೆ, ಒದ್ದೆಯಾದ ಸೆರಗು. ಫಾರ್ಮಿನಲ್ಲಿ ಉಡಚಪ್ಪ ತಾರೀಖನ್ನು ತಪ್ಪು ಬರೆದದ್ದನ್ನು ಅವಳೇ ತೋರಿಸಿ ತಿದ್ದಿಸಿದಳು. ನಗಲಿಲ್ಲ. ಯಮನಪ್ಪ ಮಾತ್ರ ಹೊಸ್ತಿಲ ಮೇಲೆ ನಿಂತು, “ವಸತಿಗೃಹ ಯಾವ ಕಡೆ ಆಕ್ಕೈತ್ರಿ?” ಎಂದು ಮೂರು ಸಲ ಕೇಳಿದ.

ಅವರ ಹಿಂದೆಯೇ ಸಾಲಿನಲ್ಲಿ ರಮಾಕಾಂತನಿದ್ದ. ಅವನ ಅಪ್ಪ ಹೇಗೋ ಫೀ ಹೊಂದಿಸಿದ್ದ. ಹುಡುಗ ಫೀ ಕಟ್ಟಿ ರಸೀದಿ ತೆಗೆದುಕೊಂಡರೂ ಜಾಗ ಬಿಡಲಿಲ್ಲ.

“ಒಂದ್ ಮಾತ್ರಿ. ಆಕೀಕಿಂತ ನನ್ನ ಅಂಕ ಜಾಸ್ತಿ ಇದ್ದುವಲ್ಲರಿ?”

“ಇದ್ದುವಪಾ.”

“ಮತ್ತ ನಾ ಎಲ್ಲಿ ಕಡಿಮಿ ಬಿದ್ದೆನ್ರಿ?”

ಸಾಲಿನಲ್ಲಿ ಹಿಂದಿದ್ದವರು ಗೊಣಗಿದರು. ದಸ್ತಗೀರಸಾಬ ಗಡಿಯಾರ ನೋಡಿದ. ಉಡಚಪ್ಪನಿಗೆ ಹುಡುಗನ ಮುಖ ನೋಡಲು ಕಷ್ಟವಾಯಿತು, ಆದರೂ ನೋಡಿದ. ಲೇಖನಿಯನ್ನು ದಸ್ತಗೀರಸಾಬನ ಕೈಗೆ ಕೊಟ್ಟು, ತನ್ನ ಪಕ್ಕದ ಸ್ಟೂಲಿನ ಮೇಲಿದ್ದ ಕಾಗದಗಳನ್ನೆತ್ತಿ ನೆಲದ ಮೇಲಿಟ್ಟ.

“ಒಳಗ ಬಾ, ಕುಂದರು,” ಎಂದ. “ಹೇಳ್ತೇನಿ. ನಾ ಹೇಳಿದ್ದು ತಪ್ಪನಸಿದ್ರ ಅಲ್ಲೇ ತಡದು ಕೇಳು.”