ಮುಂದಿನ ಕೋಣೆಯ ಬೀಗ

ಆಸ್ಪತ್ರೆಯಿಂದ ಅಮ್ಮನ ಹೆಣ ಹೊತ್ತು ತಂದ ನಾಲ್ವರೂ ಬಾಗಿಲ ಮುಂದೆ ನಿಂತುಬಿಟ್ಟರು. ಮುಂದಿನ ಕೋಣೆಗೆ ಬೀಗ ಬಿದ್ದಿತ್ತು.

"ಬೀಗದ ಕೈ ಎಲ್ಲಿ?" ಎಂದಳು ಮಗಳು.

"ಬಣ್ಣದಂಗಡಿಯೋರ ಹತ್ರ," ಎಂದಳು ಪಕ್ಕದ ಮನೆಯಾಕೆ. "ಅಲ್ಲಿ ಅವ್ರ ಡಬ್ಬಗಳಿವೆ. ನಿಮ್ಮಮ್ಮ ಬಾಡಿಗೆಗೆ ಕೊಟ್ಟು ಎರಡು ವರ್ಷ ಆಯ್ತಲ್ಲ, ನಿಂಗೆ ಗೊತ್ತಿಲ್ವಾ?"

ಗೊತ್ತಿರಲಿಲ್ಲ. "ನೀನ್ಯಾಕೆ ಅಷ್ಟು ದೂರ ಬರ್ತೀಯ, ನಾನೇ ಬರ್ತೀನಿ" ಎಂದು ಅಮ್ಮನೇ ಮಗಳ ಮನೆಗೆ ಬಂದು ಹೋಗುತ್ತಿದ್ದಳು. ಮಗಳಿಗೂ ಅದೇ ಬೇಕಿತ್ತು.

ಹಿತ್ತಲಿಂದ ಸುತ್ತಿ ಬಂದು ಹೆಣವನ್ನು ಅಡುಗೆಮನೆಯಲ್ಲೇ ಇಳಿಸಿದರು. ಆಸ್ಪತ್ರೆಯ ಹಾಸು ಹೊದಿಕೆಗಳಿಗೆ ಇಸ್ತ್ರಿ ಹಾಕಿಯೇ ಆಯುಷ್ಯ ಸವೆಸಿದ ಹೆಂಗಸಿನ ಟ್ರಂಕು, ಹಾಸಿಗೆ, ಪಾತ್ರೆ ಎಲ್ಲವೂ ಅಲ್ಲೇ ಇದ್ದವು.

ಸಾವಿನ ಮನೆಯಲ್ಲಿ ಮಾತಿಗೇನೂ ಬರವಿರುವುದಿಲ್ಲ. "ಬಾಡಿಗೆ ಆಸೆಗೆ ಒಲೆ ಪಕ್ಕ ಮಲಗೋದಾ!" ಎಂದಳು ಚಿಕ್ಕಮ್ಮ. "ನಮ್ಮಕ್ಕ ಇಷ್ಟು ಆಸೆಬುರುಕಿ ಅಂತ ನಂಗೆ ಗೊತ್ತಿರ್ಲಿಲ್ಲ ಕಣ್ರೀ."

"ಪಿಂಚಣಿ ಊಟಕ್ಕೆ, ಮಾತ್ರೆಗೆ ಆಗ್ತಿತ್ತು. ಮನೆ ಕಂದಾಯ ಏರ್ತಾನೇ ಹೋಯ್ತು," ಎಂದಳು ಪಕ್ಕದ ಮನೆಯಾಕೆ. "ವಯಸ್ಸಾಗಿ, ಆದಾಯ ಕಮ್ಮಿ ಇರೋರಿಗೆ ವಿನಾಯಿತಿ ಕೊಡ್ತಾರೆ. ನಂಗೂ ಸಿಕ್ತು. ಇವ್ರಿಗೆ ಯಾಕೋ ಸಿಗ್ಲಿಲ್ಲ."

ಯಾಕೆಂದು ಮಗಳಿಗೆ ಗೊತ್ತಿತ್ತು.

*

ಕೋಣೆ ಬಾಡಿಗೆಗೆ ಕೊಡುವ ಮೊದಲು ಅಮ್ಮನೂ ವಿನಾಯಿತಿ ಕೇಳಿದ್ದಳು. ಕೇಳಿದವರ ಮನೆಗೆ ಕಂದಾಯದ ಅಧಿಕಾರಿ ಬಂದು, ಅವರು ಹೇಗೆ ಬದುಕುತ್ತಿದ್ದಾರೆಂದು ಕಣ್ಣಾರೆ ನೋಡಬೇಕು. ಬರುವವನು ತನ್ನ ಗಂಡನ ಜೊತೆ ಓದಿದವನೆಂದು ತಿಳಿದದ್ದೇ ತಡ, ಮಗಳು ಹಿಂದಿನ ದಿನವೇ ತನ್ನ ಸೋಫಾ, ಟೀವಿ, ಹೂವಿನ ಪರದೆಗಳನ್ನು ಗಾಡಿಯಲ್ಲಿ ತಂದು ಇಳಿಸಿದಳು.

ಅಮ್ಮ ನಕ್ಕಳು. "ಅವ್ರು ಬರೋದೇ ನನ್ನ ಬಡತನ ನೋಡೋಕೆ ಕಣೇ."

"ನಿನ್ನ ಹರಕು ಚಾಪೆ ಮೇಲೆ ಕೂರಿಸ್ತೀಯಾ ಅವ್ರನ್ನ? ನಮ್ಮ ಮಾನ ಏನಾಗ್ಬೇಕು?"

ಮಾರನೇ ದಿನ ಅಮ್ಮ, ಮಗಳು ಕೊಟ್ಟ ಸೀರೆ ಉಟ್ಟು, ಯಾರದೋ ಮನೆಗೆ ಬಂದವಳಂತೆ ಸೋಫಾದ ತುದಿಯಲ್ಲಿ ಕೂತಳು.

"ಕಂದಾಯ ಕಟ್ಟೋಕೆ ಕಷ್ಟ ಆಗುತ್ತಾ ಅಮ್ಮ?" ಎಂದು ಅಧಿಕಾರಿ ಮೆಲ್ಲಗೆ ಕೇಳಿದ. ಅಮ್ಮ ಬಾಯಿ ತೆರೆಯುವಷ್ಟರಲ್ಲಿ ಮಗಳು ಅಂದಳು: "ಕಷ್ಟ ಏನ್ ಬಂತು ಸಾರ್? ಏನಾದ್ರೂ ಆದ್ರೆ ನಾವಿಲ್ವಾ?"

ಸಂಜೆ ಅದೇ ಗಾಡಿಯಲ್ಲಿ ಸೋಫಾ ವಾಪಸು ಹೋಯಿತು. "ನಾವಿಲ್ವಾ" ಎಂಬ ಆ ಮಾತನ್ನು ಅಮ್ಮ ಮತ್ತೆಂದೂ ಎತ್ತಲಿಲ್ಲ. ಮಗಳು ಅದನ್ನು ಆಡಿ ಮರೆತಿದ್ದಳು.

*

ಬಣ್ಣದಂಗಡಿಯವನು ಏದುಸಿರು ಬಿಡುತ್ತ ಬಂದ. "ಅಕ್ಕಾ, ಅರ್ಧ ಗಂಟೆ ಕೊಡಿ, ಡಬ್ಬ ಎಲ್ಲ ತೆಗೆಸ್ತೀನಿ. ಅಮ್ಮನ್ನ ಮುಂದಿನ ಕೋಣೇಲೇ ಮಲಗಿಸಿ."

"ಹಾಗೇ ಮಾಡಪ್ಪ," ಎಂದ ಮಗಳ ಗಂಡ. ಆಮೇಲೆ ಅವಳ ಕಿವಿಯಲ್ಲಿ, "ನಮ್ಮ ಆಫೀಸಿನೋರು ಬರ್ತಿದಾರೆ, ಆ ಕಂದಾಯದವನೂ ಬರ್ತಿದಾನೆ. ಎಲ್ರನ್ನೂ ಹಿತ್ತಲಿಂದ ಕರ್ಕೊಂಡು ಬರೋದಾ?"

ಅವಳಿಗೆ ನಾಚಿಕೆಯಿಂದ ಕಿವಿಯೆಲ್ಲ ಬಿಸಿಯಾಗಿತ್ತು. ಡಬ್ಬ ತೆಗೆಸಲು ಹೂಂ ಅಂದಿದ್ದರೆ ಈ ಅಡುಗೆಮನೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅಮ್ಮ ಆಸೆಬುರುಕಿಯಾಗಿಯೇ ಉಳಿಯುತ್ತಿದ್ದಳು, ಅಷ್ಟೇ.

"ಬೇಡ," ಎಂದಳು. "ಬೀಗ ಹಾಗೇ ಇರ್ಲಿ." ಚಿಕ್ಕಮ್ಮನ ಕಡೆ ತಿರುಗಿದಳು. "ಅಮ್ಮಂಗೆ ಆಸೆ ಇರ್ಲಿಲ್ಲ ಚಿಕ್ಕಮ್ಮ. ಆ ವಿನಾಯಿತಿ ತಪ್ಪಿಸಿದ್ದು ನಾನು. ನಂಗೆ ಮರ್ಯಾದೆ ಬೇಕಿತ್ತು."

ಗಂಡ ಗೋಡೆ ನೋಡಿದ.

ಅವಳು ಹೋಗಿ ಹಿತ್ತಲ ಬಾಗಿಲಲ್ಲಿ ನಿಂತಳು. ಬಟ್ಟೆ ಒಗೆಯುವ ಕಲ್ಲು ದಾಟಿ ಜನ ಒಬ್ಬೊಬ್ಬರಾಗಿ ಬಂದರು. "ಬಾಗಿಲು ಗಿಡ್ಡ, ತಲೆ ಜೋಪಾನ," ಎಂದು ಎಲ್ಲರಿಗೂ ಹೇಳಿದಳು. ಗಂಡನ ಆಫೀಸಿನವರಿಗೂ ಹೇಳಿದಳು.

ಕೊನೆಗೆ ಕಂದಾಯದ ಅಧಿಕಾರಿ ಬಂದ. ದಾರಿ ತಪ್ಪಿದನೇನೋ ಎಂಬಂತೆ ಮನೆಯ ಮುಂಭಾಗದತ್ತ ತಿರುಗಿ ನೋಡಿದ.

"ಇದೇ ದಾರಿ ಸಾರ್," ಎಂದಳು. "ಬನ್ನಿ, ನೋಡಿ."

ಅವನು ಬಗ್ಗಿ ಒಳಗೆ ಹೋದ. ಒಲೆಗೂ ಅಮ್ಮನ ಕಾಲಿಗೂ ನಡುವೆ ಒಬ್ಬರು ನಿಲ್ಲುವಷ್ಟೇ ಜಾಗವಿತ್ತು. ಅವನು ಅಲ್ಲಿ ನಿಂತು ಟ್ರಂಕು ನೋಡಿದ, ಸುತ್ತಿಟ್ಟ ಹಾಸಿಗೆ ನೋಡಿದ. ಅವನು ನೋಡಿ ಮುಗಿಸುವವರೆಗೂ ಅವಳು ಹೊರಗೆ, ಬಿಸಿಲಿನಲ್ಲಿ ನಿಂತಿದ್ದಳು.