ಹತ್ತರ ಮನೆ

“ಲೆಕ್ಕ ಕಲ್ಸು ಅಂದ್ರೆ ಊರು ಕೆಡಿಸ್ತೀಯೇನೇ? ನನ್ನ ಮೊಮ್ಮಗಳ ಕೈನ ಕೇರಿ ಮುಂಡೇವ್ ಕೈಗೆ ಕೊಡ್ತೀಯಾ?”

ಮುರುಗೇಶಪ್ಪ ಗೌಡರು ಚಪ್ಪಲಿ ಸಮೇತ ಶಾಲೆಯ ಹೊಸ್ತಿಲಲ್ಲಿ ನಿಂತಿದ್ದರು. ಒಳಗೆ ಉಡಚಮ್ಮ ಟೀಚರ್ ಸೀಮೆಸುಣ್ಣ ಹಿಡಿದೇ ಇದ್ದಳು. ಜಗಳೂರು ಕಡೆಯ ಕೇರಿಯಲ್ಲಿ ಹುಟ್ಟಿ, ಟಿ.ಸಿ.ಎಚ್. ಮುಗಿಸಿ, ನಲ್ಲೂರು ಪಕ್ಕದ ಈ ಹಳ್ಳಿಗೆ ಹೊಸದಾಗಿ ಬಂದವಳು.

ಆಗಿದ್ದಿಷ್ಟೇ. ಇಪ್ಪತ್ತೆಂಟಕ್ಕೆ ಹದಿನೈದು ಕೂಡಿ ಅಂದರೆ ಮೂರನೇ ಕ್ಲಾಸಿನ ಇಡೀ ಹಿಂಡು ಮುನ್ನೂರ ಹದಿಮೂರು ಅಂದಿತ್ತು. ಎಂಟೂ ಐದೂ ಹದಿಮೂರು ಅಂತ ಹಾಗೇ ಕೆಳಗೆ ಬರೆದು, ಅದರ ಎಡಕ್ಕೆ ಎರಡೂ ಒಂದೂ ಮೂರು ಅಂತ ಇನ್ನೊಂದು ಮೂರು ಕೂರಿಸಿದ್ದರು. ಉಡಚಮ್ಮ ನಕ್ಕುಬಿಟ್ಟಳು. ಅಂಗಳದಲ್ಲಿ ಎರಡು ಮನೆ ಗೀಚಿದಳು. ಬಲಕ್ಕೆ ಬಿಡಿ ಮನೆ, ಅದರಲ್ಲಿ ಹದಿಮೂರು ಮಕ್ಕಳು. ಎಡಕ್ಕೆ ಹತ್ತರ ಮನೆ, ಅದರಲ್ಲಿ ಹತ್ತತ್ತು ಜೋಳದ ಕಡ್ಡಿಯ ಮೂರು ಕಟ್ಟು.

“ಬಿಡಿ ಮನ್ಯಾಗೆ ಒಂಬತ್ತಕ್ಕಿಂತ ಜಾಸ್ತಿ ಇರಂಗಿಲ್ಲ. ಹತ್ತು ಜನ ಕೈ ಕೈ ಹಿಡ್ಕಂಡು ಒಂದೇ ಕಟ್ಟಾಗಿ ಪಕ್ಕದ ಮನೆಗೆ ಹೋಗ್ರಿ.”

ದಿನವೂ ಬೇರೆ ಬೇರೆ ಕೂರುತ್ತಿದ್ದ ಮೇಲಿನ ಬೀದಿಯವರೂ ಕೇರಿಯವರೂ ಒಂದು ಗಳಿಗೆ ಮುಖ ಮುಖ ನೋಡಿಕೊಂಡರು. ಗೌಡರ ಮೊಮ್ಮಗಳು ರುದ್ರಾಣಿ, ಗೌಡರ ಆಳು ತಿಪ್ಪೇಶಪ್ಪನ ಮಗಳು ಗಾದ್ರಿಯ ಕೈ ಹಿಡಿದಳು. ಸಾಲು ಜಿಗಿಯಿತು. ಹತ್ತರ ಮನೆಯಲ್ಲಿ ನಾಲ್ಕು, ಬಿಡಿ ಮನೆಯಲ್ಲಿ ಮೂರು. “ನಲವತ್ಮೂರು” ಅಂತ ಹೊಡೆದ ಕೂಗು ಗೌಡರ ಮನೆಯವರೆಗೂ ಹೋಗಿತ್ತು.

“ಕೈ ಹಿಡೀದೆ ಹತ್ತಾಗಾಕಿಲ್ಲ ಗೌಡ್ರೇ,” ಅಂದಳು ಉಡಚಮ್ಮ.

“ನನಗೇ ಲೆಕ್ಕ ಹೇಳ್ತೀಯಾ ಬೋಸುಡಿ?”

ಶಾಲೆ ನಡೆಯುತ್ತಿದ್ದದ್ದು ಗೌಡರ ಹಳೇ ಉಗ್ರಾಣದಲ್ಲಿ. ಮಕ್ಕಳನ್ನು ಹೊರಗಟ್ಟಿ ಬೀಗ ಜಡಿಸಿದರು.

ಮಾರನೇ ಬೆಳಿಗ್ಗೆ ಉಡಚಮ್ಮ ಬೀಗ ನೋಡಿದಳು. ಸೀಮೆಸುಣ್ಣದ ಡಬ್ಬಿ ಬಗಲಿಗಿಟ್ಟು, ಮಕ್ಕಳನ್ನು ಕರೆದುಕೊಂಡು ಸೀದಾ ಮೇಲಿನ ಬೀದಿಗೆ ನಡೆದಳು. ಗೌಡರ ಮನೆಯೆದುರಿನ ಸರ್ಕಾರಿ ರಸ್ತೆಯ ಮೇಲೆ ಎರಡು ಮನೆ ಬರೆದಳು. ಕೇರಿಯ ಮಕ್ಕಳು ಆ ಬೀದಿಯ ರೂಢಿಯಂತೆ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದಿದ್ದರು.

“ಕೈ ಖಾಲಿ ಇರ್ಬೇಕು. ಹಾಕ್ಕಳ್ರಿ ಕಾಲಿಗೆ.”

ಹಾಕಿಕೊಂಡರು. ರುದ್ರಾಣಿ ಅಜ್ಜನ ಪಕ್ಕದಿಂದ ನುಸುಳಿ ಬಂದು ಬಿಡಿ ಮನೆಯಲ್ಲಿ ನಿಂತಳು.

“ಲೇ ತಿಪ್ಪ, ನೀರು ಹುಯ್ದು ಅಳ್ಸಲೇ ಅದನ್ನ,” ಗೌಡರು ಜಗಲಿಯ ಮೇಲಿಂದ ಕೂಗಿದರು.

ತಿಪ್ಪೇಶಪ್ಪ ಬಕೆಟ್ ತುಂಬಿಕೊಂಡು ಗೆರೆಯ ಅಂಚಿಗೆ ಬಂದ. ಮಕ್ಕಳು ಅಲುಗಲಿಲ್ಲ. ಅವನು ಬಕೆಟ್ ಕೆಳಗಿಟ್ಟ.

“ಮಕ್ಳು ನಿಂತವೆ ಗೌಡ್ರೇ. ಲೆಕ್ಕ ಮುಗೀಲಿ.”

“ನಿನ್ನ ಕೆಲ್ಸ ಹೋತು ಕಣಲೇ ಸೂಳೆಮಗನೆ.”

“ಹೋಗ್ಲಿ ಬಿಡ್ರಿ.”

ಆ ನೀರಲ್ಲೇ ಸಾವಕಾಶವಾಗಿ ಕೈಕಾಲು ತೊಳೆದುಕೊಂಡ. ಹೆಗಲ ಮೇಲಿನ ಟವಲ್ಲಿಗೆ ಒರೆಸಿಕೊಂಡ. ಆಮೇಲೆ ಗೌಡರ ಜಗಲಿ ಹತ್ತಿ, ಅವರ ಪಕ್ಕದಲ್ಲೇ ಕಾಲು ಇಳಿಬಿಟ್ಟು ಕೂತು, ಮಗಳು ಜಿಗಿಯುವುದನ್ನು ನೋಡತೊಡಗಿದ.